ಕೂದಲು ಎದ್ದು ನಿಂತ ಮಧ್ಯಾಹ್ನ

ಹಾರವಾಡದ ದಂಡೆಯಲ್ಲಿ ನಾಗಮ್ಮ, ಅವಳ ಸೊಸೆ ಸುಗಂಧಾ ಮತ್ತು ನೆರೆಮನೆಯ ಮಂಜಿ ಒಣಗಲು ಹರಡಿದ್ದ ಮೀನನ್ನು ಅವಸರದಲ್ಲಿ ಬಾಚುತ್ತಿದ್ದರು. 2007ರ ಮೇ ತಿಂಗಳ ಕೊನೆಯ ದಿನಗಳು. ಸಮುದ್ರದ ಕಡೆಯ ಆಕಾಶ ಕಪ್ಪಿಟ್ಟಿತ್ತು. ಮಳೆಯ ಹನಿ ಇನ್ನೂ ಬಿದ್ದಿರಲಿಲ್ಲ. ಗಾಳಿ ಮಾತ್ರ ಇದ್ದಕ್ಕಿದ್ದಂತೆ ನಿಂತುಹೋಗಿತ್ತು.

ಬೇಲೆಕೇರಿಯಿಂದ ಮದುವೆಯಾಗಿ ಬಂದ ಸುಗಂಧಾಗೆ ಎಲ್ಲದಕ್ಕೂ ನಗು. ನಾಗಮ್ಮನಿಗೆ ಸೊಸೆಯ ಮೇಲೆ ಸಿಟ್ಟೇನೂ ಇರಲಿಲ್ಲ, ಆ ನಗು ಮಾತ್ರ ಅತಿಯಾಯಿತು ಅನ್ನಿಸುತ್ತಿತ್ತು. ಅವತ್ತು ತಲೆಗೆ ಮಿಂದಿದ್ದ ಸುಗಂಧಾ ಕೂದಲು ಕಟ್ಟದೆ ಹಾಗೇ ಬೆನ್ನಿಗೆ ಬಿಟ್ಟುಕೊಂಡಿದ್ದಳು.

ಮೊದಲು ಕಂಡವಳು ಮಂಜಿ. "ಏ ಸುಗಂಧಾ, ನಿನ್ನ ಕೂದ್ಲಿಗೆ ಎಂತಾ ಆಯ್ತೇ?"

ಸುಗಂಧಾಳ ಕೂದಲು ಮೇಲೇಳುತ್ತಿತ್ತು. ಒಂದೊಂದು ಎಳೆಯೂ ಪಕ್ಕದ ಎಳೆಯಿಂದ ದೂರ ಸರಿದು, ನೆಟ್ಟಗೆ ಆಕಾಶದ ಕಡೆ ನಿಮಿರುತ್ತಿತ್ತು. ಗಾಳಿಯಿಲ್ಲ, ಯಾರೂ ಮುಟ್ಟಿಲ್ಲ. ಮಂಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಅವಳ ಹಣೆಯ ಮೇಲಿನ ಕುರುಳೂ ಎದ್ದಿತು.

"ಅತ್ತೆ, ನಿಮ್ಮದೂ ಎದ್ದದೆ!" ಎಂದಳು ಸುಗಂಧಾ.

ನಾಗಮ್ಮ ತಲೆ ಮುಟ್ಟಿ ನೋಡಿಕೊಂಡಳು. ನೆರೆತ ಕೂದಲು ಮುಳ್ಳಿನಂತೆ ನಿಂತಿತ್ತು. ಮುಖಕ್ಕೆ ಜೇಡರಬಲೆ ಅಂಟಿದ ಹಾಗೆ ಕಚಗುಳಿ. ಅವಳಿಗೂ ನಗು ತಡೆಯಲಾಗಲಿಲ್ಲ. ಅತ್ತೆ ನಗುವುದನ್ನು ಕಂಡು ಸುಗಂಧಾಗೆ ಇನ್ನಷ್ಟು ಹುರುಪು ಬಂತು. ಮೀನಿನ ಅಲ್ಯುಮಿನಿಯಂ ಬೋಗುಣಿ ಎತ್ತಲು ಕೈ ಚಾಚಿದಳು. ಚಟ್ ಎಂದು ಕಿಡಿ ಹಾರಿತು.

"ಅಬ್ಬಾ! ಕಚ್ತು ನೋಡಿ! ಗುಂಯ್ ಅಂತಾನೂ ಅದೆ, ಜೇನುನೊಣದ ಹಾಂಗೆ..."

ಆ ಮಾತು ಮುಗಿಯಲಿಲ್ಲ.

ನಾಗಮ್ಮನಿಗೆ ಸಿಡಿಲಿನ ಸದ್ದು ಕೇಳಿದ ನೆನಪೇ ಇಲ್ಲ. ಕಣ್ಣ ತುಂಬ ಬಿಳಿ ಬೆಳಕು, ಅಷ್ಟೆ. ಕಣ್ಣು ಬಿಟ್ಟಾಗ ಬಾಯಿ ತುಂಬ ಉಸುಕಿತ್ತು. ಎದುರಿಗೆ ಕೂತ ಮಂಜಿಯ ಬಾಯಿ ಅಗಲವಾಗಿ ತೆರೆದಿತ್ತು, ಕೂಗು ಮಾತ್ರ ಕೇಳುತ್ತಿರಲಿಲ್ಲ. ಸ್ವಲ್ಪ ಆಚೆ ಸುಗಂಧಾ ಅಂಗಾತ ಬಿದ್ದಿದ್ದಳು. ಸೀರೆಯ ಅಂಚು ಸುಟ್ಟು ಕರಕಲಾಗಿತ್ತು. ಅರೆತೆರೆದ ಕಣ್ಣು ಮಿಟುಕುತ್ತಿರಲಿಲ್ಲ. ಎದೆ ಏರಿಳಿಯುತ್ತಿರಲಿಲ್ಲ.

ನಾಗಮ್ಮನ ಕಿವಿ ತಿಳಿಯಾಗುವ ಹೊತ್ತಿಗೆ ದೋಣಿಗಳ ಕಡೆಯಿಂದ ಜನ ಓಡಿ ಬಂದರು. ಹತ್ತಿರ ಬಂದವರು ಅಲ್ಲಲ್ಲೇ ನಿಂತುಬಿಟ್ಟರು.

"ಮುಟ್ಬೇಡಿ! ಮೈಯಲ್ಲಿ ಕರೆಂಟು ಅದೆ!"

"ಹೊಂಡ ತೋಡಿ, ಕುತ್ತಿಗೆ ತನಕ ಉಸುಕಲ್ಲಿ ಹುಗೀರಿ. ಕರೆಂಟು ಭೂಮಿಗೆ ಇಳೀತದೆ."

ಇಬ್ಬರು ಆಗಲೇ ಕೈಯಿಂದ ಉಸುಕು ತೋಡತೊಡಗಿದ್ದರು. ಅವರನ್ನು ತಳ್ಳಿಕೊಂಡು ನಾಗಮ್ಮನ ಗಂಡ ಬೊಮ್ಮಯ್ಯ ಬಂದ. ಸುನಾಮಿಯಾದ ಮೇಲೆ ಕಾರವಾರದಲ್ಲಿ ಒಮ್ಮೆ ಮೀನುಗಾರರನ್ನು ಕೂಡಿಸಿ, ಮುಳುಗಿ ಉಸಿರು ನಿಂತವರನ್ನು ಬದುಕಿಸುವುದು ಹೇಗೆಂದು ತೋರಿಸಿದ್ದರು. ಅವನು ಅದನ್ನು ನೋಡಿ ಬಂದಿದ್ದ. ಮಂಡಿಯೂರಿ ಕೂತವನ ಕೈ ಗಾಳಿಯಲ್ಲೇ ನಿಂತಿತು. ಮಾವ ಎದುರಾದರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದ ಹುಡುಗಿ ಇವಳು. ಊರೆಲ್ಲ ನೋಡುತ್ತಿತ್ತು.

ಅವನು ಎರಡೂ ಕೈ ಜೋಡಿಸಿ ಸೊಸೆಯ ಎದೆಯ ನಡುವೆ ಇಟ್ಟು ಬಲವಾಗಿ ಒತ್ತತೊಡಗಿದ.

"ಬೊಮ್ಮಣ್ಣಾ! ಮರ್ಲು ಹಿಡೀತನೋ ನಿಂಗೆ?" ಯಾರೋ ಕೂಗಿದರು.

ಅವನು ತಿರುಗಿ ನೋಡಲಿಲ್ಲ. "ಏ ನಾಗೂ, ಇಲ್ಲಿ ಬಾ! ಮೂಗು ಹಿಡಕಂಡು ಬಾಯಿಗೆ ಬಾಯಿ ಇಟ್ಟು ಊದು!"

ಮುಟ್ಟಿದರೆ ತಾನೂ ಸುಟ್ಟುಹೋಗುತ್ತೇನೆ ಎಂದು ನಾಗಮ್ಮನಿಗೆ ಅನ್ನಿಸಿತು. ಆದರೆ ಗಂಡನ ಕೈ ಆ ಮೈಮೇಲೇ ಇತ್ತು, ಅವನಿಗೆ ಏನೂ ಆಗಿರಲಿಲ್ಲ. ತೆವಳಿಕೊಂಡು ಹೋಗಿ ಸೊಸೆಯ ಗಲ್ಲ ಮುಟ್ಟಿದಳು. ಯಾವ ಕರೆಂಟೂ ಹೊಡೆಯಲಿಲ್ಲ. ಬೆವರಿನಿಂದ ಒದ್ದೆಯಾದ, ಇನ್ನೂ ಬೆಚ್ಚಗಿದ್ದ ಗಲ್ಲ, ಅಷ್ಟೆ. ಊದಿದಳು. ಉಸುಕಿನ, ಉಪ್ಪಿನ ರುಚಿ ಬಾಯಿಗೆ ಬಂತು.

"ಮತ್ತೆ ಊದು! ಬಿಡಬೇಡ!"

ಹೊಂಡ ತೋಡುತ್ತಿದ್ದವರ ಕೈ ನಿಂತಿತು. ಬೊಮ್ಮಯ್ಯನ ಹಣೆಯ ಬೆವರು ಸುಗಂಧಾಳ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತು ಹಾಗೆ ನಡೆಯಿತೋ. ಕಡೆಗೆ ಅವಳ ಗಂಟಲಿನಲ್ಲಿ ಗೊರ್ ಎಂದು ಸದ್ದಾಯಿತು, ಕೆಮ್ಮು ಬಂತು. ಬೊಮ್ಮಯ್ಯ ಬೆಂಕಿ ಮುಟ್ಟಿದವನಂತೆ ಆಗ ಕೈ ತೆಗೆದ. ಯಾರ ಮುಖವನ್ನೂ ನೋಡದೆ ನೀರಿನ ಅಂಚಿಗೆ ಹೋಗಿ ಬೆನ್ನು ಹಾಕಿ ಕೂತುಬಿಟ್ಟ.

ಮೀನಿನ ಟೆಂಪೊದಲ್ಲೇ ಅವಳನ್ನು ಅಂಕೋಲೆಯ ಆಸ್ಪತ್ರೆಗೆ ಒಯ್ದರು. ಜೀವಕ್ಕೆ ಅಪಾಯವಿಲ್ಲ, ಎಡಗಿವಿ ಮಾತ್ರ ಕೇಳಲಿಕ್ಕಿಲ್ಲ ಎಂದ ಡಾಕ್ಟರಿಗೆ ನಾಗಮ್ಮ ಕೂದಲಿನ ಸಂಗತಿ ಹೇಳಿದಳು. ಅವರು ಬರೆಯುವುದನ್ನು ನಿಲ್ಲಿಸಿದರು.

"ಮೇಲೆ ಮೋಡದಲ್ಲಿ ಒಂದು ಥರದ ಚಾರ್ಜು ತುಂಬಿದಾಗ ಕೆಳಗೆ ನಿಂತವರ ಮೈಗೆ ಅದರ ವಿರುದ್ಧದ್ದು ಏರ್ತದೆ. ಕೂದಲಿಗೆಲ್ಲ ಒಂದೇ ಥರದ್ದು ಏರಿದ್ದಕ್ಕೆ ಒಂದನ್ನೊಂದು ದೂಡ್ತಾವೆ. ಮೋಡ ಮೇಲಿಂದ ಎಳೀತದೆ. ಸಿಡಿಲು ಅಲ್ಲೇ ಬೀಳೂಕೆ ತಯಾರಾಗಿದೆ ಅಂತ ಲೆಕ್ಕ. ಆ ಕ್ಷಣಕ್ಕೇ ಎಲ್ಲ ಬಿಟ್ಟು ಓಡಬೇಕಿತ್ತು ನೀವು."

"ಮೈಯಲ್ಲಿ ಕರೆಂಟು ಉಳೀತದೆ ಅಂದ್ರಲ್ಲ ಎಲ್ಲರೂ?"

"ಚೂರೂ ಉಳಿಯೂದಿಲ್ಲ. ಹುಗಿದಿದ್ರೆ ಉಸಿರಿಲ್ಲದೆ ಅಲ್ಲೇ ಸಾಯ್ತಿದ್ಲು."

ನಾಗಮ್ಮ ಹೊರಗೆ ಬಂದು ಗೋಡೆಗೆ ಒರಗಿ ಕೂತಳು. ಸಿಡಿಲು ಬಡಿದಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ. "ನಾವು ನಗ್ತಾ ನಿಂತಿದ್ವಲ್ಲ," ಎಂದಳು. ಮಂಜಿ ತಂದುಕೊಟ್ಟ ಚಹಾ ಕೈಯಲ್ಲೇ ಆರಿತು. "ನಾನೂ ನಗ್ತಾ ಇದ್ದೆ."

ಮಾರನೇ ದಿನ ಬೆಳಿಗ್ಗೆ ಮೀನಿಗೆ ಹೋಗಿದ್ದ ಮಗ ಜಗದೀಶ ಕಡಲಿನಿಂದ ನೇರ ಆಸ್ಪತ್ರೆಗೆ ಬಂದ. ನಿನ್ನ ಅಪ್ಪ ಊರೆದುರು ಸೊಸೆಯ ಎದೆಗೆ ಕೈ ಹಾಕಿದ ಎಂದು ದೋಣಿ ತಂಗುವ ದಕ್ಕೆಯಲ್ಲೇ ಯಾರೋ ಅವನ ಕಿವಿಗೆ ಹಾಕಿದ್ದರು. ಹೆಂಡತಿಯ ಹಾಸಿಗೆಯ ಬಳಿ ಅವನು ಬಹಳ ಹೊತ್ತು ನಿಂತ. ಸುಗಂಧಾ ನಗಲಿಲ್ಲ, ಅವನ ಬೆರಳು ಹಿಡಿದುಕೊಂಡಳು. ಆಮೇಲೆ ಅವನು ಜಗಲಿಗೆ ಬಂದ. ಅಲ್ಲಿ ಬೆಂಚಿನ ಮೇಲೆ ಕೂತಿದ್ದ ಬೊಮ್ಮಯ್ಯ ತಲೆ ಎತ್ತಲಿಲ್ಲ.

"ಅಪ್ಪಾ, ಎಲ್ಲಿ ಒತ್ತಿದ್ದೆ? ನಂಗೂ ತೋರ್ಸು," ಎಂದ ಜಗದೀಶ. "ನಮ್ಮ ದೋಣೀಲಿ ಇದು ಯಾರಿಗೂ ಗೊತ್ತಿಲ್ಲ."

ಅವನು ಬೆಂಚಿನ ಮೇಲೆ ಅಂಗಾತ ಮಲಗಿದ. ಬೊಮ್ಮಯ್ಯ ಮಗನ ಮುಖವನ್ನೇ ದಿಟ್ಟಿಸಿದ. ಆಮೇಲೆ ಎರಡೂ ಕೈಗಳನ್ನು ಒಂದರ ಮೇಲೊಂದು ಜೋಡಿಸಿ ಅವನ ಎದೆಯ ಮೇಲಿಟ್ಟ.

"ಇಲ್ಲಿ," ಎಂದ.