ತೊಟ್ಟಿಲ ಕೆಳಗೆ ಕೂತವರು ಏಳಬೇಕಲ್ಲ!

ನಿಮ್ಮ ಮನೆಯ ಹಿರಿಯರು ನೆಲದಿಂದ ಏಳುವಾಗ ಏನು ಹಿಡಿಯುತ್ತಾರೆ, ನೋಡಿದ್ದೀರಾ? ಒಬ್ಬರು ಗೋಡೆ, ಒಬ್ಬರು ಮಂಚದ ಕಾಲು, ಒಬ್ಬರು ಸೊಸೆಯ ಕೈ. ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯ ಕಸ್ತೂರಿಬಾಯಿ ಮಾತ್ರ ಏನನ್ನೂ ಹಿಡಿಯುತ್ತಿರಲಿಲ್ಲ. ಯಾಕೆಂದರೆ ಅವರು ನೆಲಕ್ಕೆ ಕೂರುವುದನ್ನೇ ಬಿಟ್ಟಿದ್ದರು.

ಇದೇ ಕಸ್ತೂರಕ್ಕ ಔರಾದದಿಂದ ಸೊಸೆಯಾಗಿ ಬಂದ ಮರುವರ್ಷ ನಾನು ಈ ಓಣಿಗೆ ಬಂದೆ. ಬಾವಿಯ ಬಳಿ ಕುಕ್ಕರಗಾಲಲ್ಲಿ ಕೂತು, ತುಂಬಿದ ಕೊಡವನ್ನು ತೊಡೆಗೆ ತಂದು, ಸರಕ್ಕನೆ ಎದ್ದು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹೊಸ ಸೊಸೆಯಾದ ನನ್ನ ಕೊಡವನ್ನೂ ಅವರೇ ಎತ್ತಿಕೊಡುತ್ತಿದ್ದರು. ನಸುಕಿನಲ್ಲಿ ಮನೆಮನೆಯ ಬೀಸುಕಲ್ಲಿನ ಸದ್ದಿಗೇ ಓಣಿ ಎಚ್ಚರಾಗುತ್ತಿತ್ತು. ಆಮೇಲೆ ಗಿರಣಿ ಬಂತು, ನಳ ಬಂತು, ನಿಂತು ಅಡುಗೆ ಮಾಡುವ ಕಟ್ಟೆ ಬಂತು. ಬರಲಿ, ಒಳ್ಳೆಯದೇ ಆಯಿತು. ನಡು ಮುರಿಯುವ ದುಡಿತ ಯಾರಿಗೆ ಬೇಕು? ಆದರೆ ದುಡಿತದ ಜೊತೆಗೆ ಕೂತೇಳುವ ರೂಢಿಯೂ ಹೋಯಿತು.

ಹೋದ ವರ್ಷ ಹಲಬರ್ಗಾದಲ್ಲಿ ನಂಟರ ಮನೆಯ ತೊಟ್ಟಿಲು ಇತ್ತು. ನಮ್ಮಲ್ಲಿ ಹೆಸರಿಡುವ ದಿನ ಮೊದಲು ಗುಂಡುಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸುತ್ತಾರೆ. ಒಬ್ಬರು ಅದನ್ನು ತೊಟ್ಟಿಲ ಕೆಳಗಿನಿಂದ ಕೊಡುತ್ತಾರೆ. ಆಚೆ ಬದಿಯವರು ಕೂತು ತೆಗೆದುಕೊಂಡು, ಎದ್ದು, ತೊಟ್ಟಿಲ ಮೇಲಿನಿಂದ ದಾಟಿಸುತ್ತಾರೆ. ಕಲ್ಲಿನದು ಮುಗಿದ ಮೇಲೆ ಕೂಸಿನ ಸರದಿ. ಅಂದು ಕಸ್ತೂರಕ್ಕ ಕಲ್ಲು ತೆಗೆದುಕೊಳ್ಳಲು ಕೂತರು. ಕೂತವರು ಏಳಲಿಲ್ಲ. ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಕೂಸನ್ನು ಮಾತ್ರ ಯಾರೂ ಅವರ ಕೈಗೆ ಕೊಡಲಿಲ್ಲ. ವಾಪಸ್ ಬರುವಾಗ ಅವರು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದರು.

ಚಳಿಗಾಲದಲ್ಲಿ ಔರಾದದಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟ ಮಗಳು ಈಶ್ವರಿ ಚೊಚ್ಚಲ ಬಸುರಿ. ಹಿಗ್ಗಬೇಕಾದ ಕಸ್ತೂರಕ್ಕ ಸಪ್ಪಗಾಗಿ ನನ್ನನ್ನು ಕೇಳಿದರು:

“ಕಾವೇರಿ, ನನ್ನ ಮಗಳ ಕೂಸಿಗಿ ಆದ್ರೂ ತೊಟ್ಟಿಲಾಗ ನನ್ನ ಕೈಗಿ ಕೊಡ್ತಾರೇನ?”

ಆಗ ನಮ್ಮ ಮಹಿಳಾ ಸಂಘಕ್ಕೆ ಬೀದರದಿಂದ ರುಖ್ಸಾರ ಎಂಬ ವ್ಯಾಯಾಮ ಶಿಕ್ಷಕಿ ಬರುತ್ತಿದ್ದಳು. ಹಿಡಿಕೆ ಇರುವ ಕಬ್ಬಿಣದ ಗುಂಡುಗಳನ್ನು ತರುತ್ತಿದ್ದಳು. ಅವಕ್ಕೆ ಕೆಟಲ್‌ಬೆಲ್ ಅಂತ ಹೆಸರು. ಗುಂಡು ಹಿಡಿದು ಕುಕ್ಕರಿಸಿ ಕೂರುವುದು, ಎದ್ದು ಅದೇ ಓಘದಲ್ಲಿ ತಲೆಯ ಮೇಲೆ ಎತ್ತುವುದು. ತೊಡೆ, ನಡು, ಬೆನ್ನು, ಭುಜ ಎಲ್ಲಕ್ಕೂ ಒಂದೇ ಸಲಕ್ಕೆ ಕೆಲಸ, ಉಸಿರಿಗೂ ಕಸುವು. ನಾನು ಕಸ್ತೂರಕ್ಕನನ್ನು ಎಳೆದುಕೊಂಡೇ ಹೋದೆ.

“ಗುಂಡ ಎತ್ಲಿಕ್ಕ ನಾ ಏನ್ ತಾಲೀಮಿನ ಪೈಲ್ವಾನ ಏನವಾ? ಈ ವಯಸ್ಸಿನಾಗ ಜನ ನಗ್ತಾರ.”

“ನಗೋರು ನಿಮಗ ಎಬ್ಬಿಸ್ಲಿಕ್ಕ ಬರ್ತಾರೇನ್ರಿ ಮಾವಶಿ?” ಎಂದಳು ರುಖ್ಸಾರ.

“ಮೊದಲೇ ಮೊಣಕಾಲ ಸವದಾವ. ಕೂತು ಎದ್ರ ಇನ್ನಷ್ಟು ಸವೀತಾವ.”

“ಮೊದಲ ಡಾಕ್ಟರಿಗಿ ತೋರಿಸ್ಕೊಂಡ ಬರ್ರಿ. ಅವರು ಹೂಂ ಅಂದ್ರ ಹಗೂರಕ ಸುರು ಮಾಡಾಮು. ಕೆಲಸ ಕೊಡ್ಲಿಲ್ಲಂದ್ರ ಕಾಲಿನ ತಾಕತ್ ಹೊಳ್ಳಿ ಬರಲ್ರಿ.”

ಡಾಕ್ಟರು ಬಿಪಿ ನೋಡಿದರು, ಮೊಣಕಾಲು ನೋಡಿದರು, ನಿಧಾನಕ್ಕೆ ಮಾಡಿ ಎಂದರು. ನಿಧಾನ ಎಂಬ ಮಾತು ಮಾತ್ರ ನಮ್ಮ ಅಕ್ಕನ ಕಿವಿಗೆ ಬೀಳಲಿಲ್ಲ. ಮರುವಾರ ಬಂದವರೇ ಎಲ್ಲಕ್ಕಿಂತ ದೊಡ್ಡ ಗುಂಡಿಗೆ ಕೈ ಹಾಕಿದರು!

“ತಲಿ ಮ್ಯಾಲೊಂದು, ನಡುವಿನ ಮ್ಯಾಲೊಂದು ಕೊಡ ಹೊತ್ತಾಕಿ ನಾ!”

ರುಖ್ಸಾರ ಅವರ ಕೈ ಹಿಡಿದಳು. “ಆ ಕೊಡ ಹೊತ್ತಾಕಿ ಇಪ್ಪತ್ತರ ಹುಡುಗಿ ಇದ್ಳರಿ ಮಾವಶಿ.”

ಕಸ್ತೂರಕ್ಕ ಗುಂಡಿನ ಹಿಡಿಕೆ ಬಿಟ್ಟರು. ಮೆಲ್ಲಗೆ ಕೇಳಿದರು: “ಅಕಿ ವಾಪಸ್ ಬರ್ತಾಳೇನ ಬೇಟಾ?”

“ಖರೇ ಹೇಳ್ತೇನಿ, ಪೂರಾ ಬರಲ್ರಿ. ಆದ್ರ ಮಗಳ ಕೂಸಿಗಿ ಎತ್ಲಿಕ್ಕ ಬೇಕಾದಷ್ಟು ತಾಕತ್ ಬರ್ತದ. ಕುರ್ಚಿಯಿಂದ ಸುರು ಮಾಡ್ರಿ.”

ಮೊದಲು ಕೈಯಲ್ಲಿ ಏನೂ ಇಲ್ಲ. ಗೋಡೆಗೆ ಆನಿಸಿದ ಕುರ್ಚಿಯ ಮೇಲೆ ಕೂರುವುದು, ಏಳುವುದು, ಅಷ್ಟೇ. ಹಿಮ್ಮಡಿ ನೆಲ ಬಿಡಬಾರದು. ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಬಾಗಬೇಕು. ಅದು ಸಲೀಸಾದ ಮೇಲೆ ಹಗುರಾದ ಗುಂಡು ಕೊಟ್ಟಳು. ಎರಡೂ ಕೈಯಲ್ಲಿ ಎದೆಗೆ ಹತ್ತಿರ ಹಿಡಿದು ಕೂತು, ಉಸಿರು ಬಿಡುತ್ತ ಎದ್ದು, ಮೇಲೆ ಎತ್ತಿ, ನಿಧಾನ ಎದೆಗೆ ಇಳಿಸಬೇಕು. ಉಸಿರು ಕಟ್ಟಬಾರದು. ವಾರಕ್ಕೆ ಎರಡು ದಿನ, ನಡುವೆ ವಿಶ್ರಾಂತಿ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಸುಮ್ಮನೆ ಅಲ್ಲ. ಒಂದು ದಿನ ಗುಂಡು ಎತ್ತಿ ಹಿಡಿದವರು ಹಾಗೇ ನಿಂತು ನಕ್ಕರು. “ಕಾವೇರಿ, ಇದು ನಮ್ಮ ತೊಟ್ಟಿಲಿನ ಕಲ್ಲ ಎತ್ತಿದ್ಹಾಂಗೇ ಆಯ್ತಲ್ಲವಾ! ನನ್ನ ಮಗಳು ಈಶ್ವರಿ ತೊಟ್ಟಿಲಾಗ ನಮ್ಮವ್ವ ಹಿಂಗೇ ಎದ್ದಿದ್ಳು.” ಅಂದಿನಿಂದ ಅವರನ್ನು ಯಾರೂ ಎಳೆದುಕೊಂಡು ಹೋಗಬೇಕಾಗಲಿಲ್ಲ.

ಶ್ರಾವಣದಲ್ಲಿ ಈಶ್ವರಿ ತವರಿನಲ್ಲಿ ಹೆಣ್ಣು ಹೆತ್ತಳು. ತೊಟ್ಟಿಲ ದಿನ ಹಾಡು ಸುರುವಾಯಿತು, ಗುಂಡುಕಲ್ಲು ಆಚೆ ಈಚೆ ದಾಟಿತು. ಕೂಸಿನ ಸರದಿ ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಈಶ್ವರಿಯೇ ಹೇಳಿದಳು: “ನಮ್ಮವ್ವಗ ಕೊಡ್ರಿ.”

ಕಸ್ತೂರಕ್ಕ ಕೂತರು. ತೊಟ್ಟಿಲ ಕೆಳಗಿನಿಂದ ಮೊಮ್ಮಗಳನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಗೋಡೆ ಹಿಡಿಯಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ, ಎದ್ದು ನಿಂತರು. ನನಗೆ ಅಳು ಬಂತು. ಬಂದರೆ ಬರಲಿ ಎಂದು ಅತ್ತುಬಿಟ್ಟೆ.

ಔರಾದದ ಬೀಗತಿ ಮಾತ್ರ ಬಾಗಿಲ ಬಳಿಯೇ ಉಳಿದಿದ್ದರು. “ನನ್ನ ಸರದಿ ಬಿಡ್ರಿ. ಕಾಲ ಬರಂಗಿಲ್ಲ, ನಾ ಇಲ್ಲೇ ನಿಂತು ನೋಡ್ತೇನಿ.”

ಕಸ್ತೂರಕ್ಕ ಕುರ್ಚಿ ತರಿಸಿ ಬೀಗತಿಯನ್ನು ಕೂರಿಸಿದರು. ಕೂಸನ್ನು ಅವರ ತೊಡೆಯ ಮೇಲೆ ಇಟ್ಟರು. “ಇವತ್ತ ಕುರ್ಚಿ ಮ್ಯಾಲ ತಗೋರಿ ಬೀಗತೀರ. ಕೂಸಿನ ಕೂದಲ ತೆಗಿಯೋ ಜವಳದಾಗ ನೆಲದ ಮ್ಯಾಲ ಕೂತು ತಗೋಳಾಮು. ಹ್ಯಾಂಗ ಏಳಬೇಕು ಅಂತ ನಾ ಹೇಳಿಕೊಡ್ತೇನಿ.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲಿ ಎಷ್ಟು ಜನ “ಇಲ್ಲೇ ನಿಂತು ನೋಡ್ತೇನಿ” ಅನ್ನುತ್ತಿದ್ದೀರಿ? ಬಿಪಿ, ಹೃದಯದ ತೊಂದರೆ, ಮೊಣಕಾಲು ನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಗುಂಡು ಎತ್ತುವುದನ್ನು ಬಲ್ಲವರಿಂದ ಕಲಿಯಿರಿ, ಹಗುರಾದದ್ದರಿಂದ ಸುರು ಮಾಡಿ. ನೋವಾದರೆ, ತಲೆ ತಿರುಗಿದರೆ ನಿಲ್ಲಿಸಿ. ಇವತ್ತಿಗೆ ಗುಂಡು ಬೇಡ, ಒಂದು ಗಟ್ಟಿ ಕುರ್ಚಿ ಸಾಕು. ಕೂತು, ಏಳಿ. ನಿಮ್ಮ ಮನೆಯ ಕೂಸನ್ನು ನೀವೇ ಎತ್ತಿಕೊಳ್ಳಿ.