ಚಕ್ರವಿಲ್ಲದ ಟೇಬಲ್

ತೆಕ್ಕಟ್ಟೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದ ಗಣಪ, ಬ್ರಹ್ಮಾವರದ ಒಂದು ಕ್ಲಿನಿಕ್ಕಿಗೆ ಬೆನ್ನುನೋವಿನವರನ್ನು ಮಲಗಿಸುವ ಟೇಬಲ್ ಮಾಡಿಕೊಟ್ಟಿದ್ದ. ಸೊಂಟಕ್ಕೆ ಬೆಲ್ಟ್ ಕಟ್ಟಿ ತೂಕ ಇಳಿಬಿಟ್ಟಾಗ ಅದರ ಕಾಲಿನ ಕಡೆಯ ತುಂಡು ಚಕ್ರಗಳ ಮೇಲೆ ಜಾರಬೇಕು. ಜಾರಿದರೆ ಮಾತ್ರ ಎಳೆತ ಬೆನ್ನುಮೂಳೆಗೆ ಸರಿಯಾಗಿ ಮುಟ್ಟುತ್ತದೆ. ಚಕ್ರ ಕೂರಿಸಿ ರೆಕ್ಸಿನ್ ಹೊದಿಸುವ ಕೆಲಸವನ್ನು ಹೆಂಡತಿಯ ತಮ್ಮ ಪ್ರವೀಣನನ್ನು ನಂಬಿ ಅವನಿಗೇ ಬಿಟ್ಟಿದ್ದ.

ಹೆಂಡತಿ ಅಮ್ಮಣ್ಣಿ ತಿಂಗಳಿಂದ ಅದೇ ಟೇಬಲ್ಲಿನ ಮೇಲೆ ಮಲಗಿ ಬರುತ್ತಿದ್ದಳು. ನೋವು ಮಾತ್ರ ಇಳಿದಿರಲಿಲ್ಲ. ಒಂದು ದಿನ ಜೊತೆಗೆ ಹೋದ ಗಣಪ, ತೂಕ ಬಿಟ್ಟರೂ ಟೇಬಲ್ ಅಲುಗದ್ದನ್ನು ಕಂಡು ಅಡಿಗೆ ಬಗ್ಗಿದ. ಚಕ್ರಗಳೇ ಇರಲಿಲ್ಲ. ತುಂಡನ್ನು ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿಯಲಾಗಿತ್ತು.

ಅಕ್ಕನನ್ನು ದಿನವೂ ಬೈಕಿನಲ್ಲಿ ಕರೆತರುತ್ತಿದ್ದ ಪ್ರವೀಣ ಬಾಗಿಲಲ್ಲೇ ನಿಂತಿದ್ದ.

"ಎಂತಕ್ಕೆ ಹೀಂಗ್ ಮಾಡ್ದೆ?" ಎಂದ ಗಣಪ.

"ಚಕ್ರ ಸಮಾ ಕೂರ್ಲಿಲ್ಲ ಭಾವ. ಅಡಿಗ್ ಬಗ್ಗಿ ಯಾರ್ ಕಾಂತ್ರ್ ಅಂದ್ಕಂಡೆ."

"ನಿನ್ನಕ್ಕ ದಿನಾ ಮಲ್ಕಂಬುದ್ ಕಂಡೂ ಬಾಯ್ ಬಿಡ್ಲಿಲ್ಲ ಅಲ್ದಾ ನೀನ್!"

ಪ್ರವೀಣ ತಲೆ ತಗ್ಗಿಸಿದ. ಅಮ್ಮಣ್ಣಿ ಬೆಲ್ಟನ್ನು ತಾನೇ ಬಿಚ್ಚಿಕೊಂಡು ಎದ್ದಳು.

ಗಣಪ ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಸಂಜೆಯೊಳಗೆ ನಾಲ್ಕು ಚಕ್ರ ಕೂರಿಸಿದ. ಟೇಬಲ್ ಸರಾಗವಾಗಿ ಜಾರಿತು.

"ಅವ್ನ್ನ ಎತ್ತಿ ಆಡ್ಸಿದ್ ನಾನೇ ಅಲ್ದಾ?" ಎಂದಳು ಅಮ್ಮಣ್ಣಿ, ಬಸ್ಸಿನಲ್ಲಿ.