ಸಾತ್ರಾಪನ ನೀಲಿ ಬೆರಳು

ನೀಲಿ, ಎಷ್ಟು ದಟ್ಟ ನೀಲಿ ಆ ಮನುಷ್ಯನ ತೋರುಬೆರಳು, ಮನೆ ಮಾರಿದವನೋ ಕೊಂಡವನೋ, ಬಾಗಿಲ ಬಳಿ ನಿಂತು ಕಾಗದದ ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದಾನೆ, ಒರೆಸಿದಷ್ಟೂ ಹರಡುತ್ತಿದೆ, ಎರಡು ದಿನವಾದರೂ ಹೋಗುವುದಿಲ್ಲ ಅದು, ಈ ನೋಟರಿ ಕಚೇರಿಯಲ್ಲಿ ಸಹಿಯೊಂದೇ ಸಾಲದು, ಸಹಿಯ ಪಕ್ಕ ಬೆರಳನ್ನೂ ಒತ್ತಬೇಕು — ನನ್ನ ಬೆರಳುಗಳು ಮಾತ್ರ ಸ್ವಚ್ಛ, ಮಡಿಲಲ್ಲಿ ಸುಮ್ಮನೆ ಕೂತಿವೆ, ಯಾರಿಗೂ ಬೇಡದ ಹತ್ತು ಬೆರಳು. ಕೂಲರಿನಿಂದ ನೆನೆದ ಹುಲ್ಲಿನ ವಾಸನೆ, ಗಡಿಯಾರದಲ್ಲಿ ಹನ್ನೊಂದೂ ಕಾಲು, ಒಂದೂವರೆಗೆ ಇವರು ಬಾಗಿಲು ಹಾಕುತ್ತಾರೆ, ತರಾನೆಯ ವಾಲಿಬಾಲ್ ತಂಡದವರು ಪಾಸ್‌ಪೋರ್ಟ್ ಕಾಗದಗಳನ್ನು ತೆಗೆದುಕೊಳ್ಳುವುದು ಇವತ್ತೇ ಕೊನೆ, ಇವತ್ತು ತಪ್ಪಿದರೆ ಉಳಿದ ಹನ್ನೊಂದು ಹುಡುಗಿಯರು ಗಡಿಯಾಚೆ ಯೆರೆವಾನಿಗೆ ಆಡಲು ಹೋಗುತ್ತಾರೆ, ನನ್ನ ಮಗಳು ಶಿರಾಜಿನಲ್ಲೇ ಗೋಡೆಗೆ ಚೆಂಡು ಹೊಡೆಯುತ್ತಾ ಇರುತ್ತಾಳೆ. ಹೆಡ್‌ಸ್ಕಾರ್ಫಿನೊಳಗೆ ಪೆನ್ನು ಸಿಕ್ಕಿಸಿಕೊಂಡ ಗುಮಾಸ್ತೆ ಆಗಲೇ ಎರಡು ಸಲ ತಲೆ ಎತ್ತಿದಳು, ಖಾನಂ, ನಿಮ್ಮ ಸಹಿ ನನಗೆ ಬೇಡ ಅಂದಳು, ನಾನು ತಾಯಿ ಅಂದೆ, ತಾಯಿ ಅಂತ ಮುಖ ನೋಡಿದರೇ ಗೊತ್ತಾಗುತ್ತೆ, ಆದರೆ ಈ ಕಾಗದಕ್ಕೆ ಮುಖ ಬೇಡ, ವಲಿ ಬೇಕು ಅಂದಳು. ವಲಿ ಎಂದರೆ ಮಗುವಿನ ಮೇಲೆ ಹಕ್ಕುಳ್ಳ ಪಾಲಕ, ತಂದೆ ಇಲ್ಲದಿದ್ದರೆ ತಂದೆಯ ತಂದೆ, ಹಿಂದೆ ಪ್ರಾಂತ್ಯವನ್ನು ಆಳಲು ಬರುತ್ತಿದ್ದವನಿಗೂ ಅದೇ ಹೆಸರು, ಎರಡಕ್ಕೂ ಒಂದೇ ಪದ ಸಾಕೆಂದು ಯಾರಿಗೆ ಹೊಳೆಯಿತೋ. ನನ್ನ ಗಂಡ ಹೂಮನ್ ಇದ್ದಿದ್ದರೆ ನಗುತ್ತಿದ್ದ, ನಮ್ಮಪ್ಪನಿಗೆ ಎರಡೂ ಒಪ್ಪುತ್ತೆ ಕಣೇ ಫೊರೂಜಾನ್ ಎನ್ನುತ್ತಿದ್ದ, ಅವನು ಹೋಗಿ ಮೂರು ವರ್ಷ.

ಚೀಲದಲ್ಲಿ ಬಾದಾಮಿಯ ಪೊಟ್ಟಣ, ನೀರಿನ ಬಾಟಲಿ, ಮತ್ತೆ ಆ ಚೀಟಿ, ಮಕ್ಕಳ ಪದಕೋಶದ ಕೆಲಸದಲ್ಲಿ ಮೂರು ವಾರದಿಂದ ನನ್ನ ಮೇಜು ಬಿಟ್ಟು ಕದಲದ ಒಂದೇ ಒಂದು ಚೀಟಿ, ಸಾತ್ರಾಪ್. ಒಂದು, ಪ್ರಾಚೀನ ಇರಾನಿನಲ್ಲಿ ಪ್ರಾಂತ್ಯವೊಂದರ ಅಧಿಪತಿ. ಎರಡು, ಮೂಲದಲ್ಲಿ ರಾಜ್ಯವನ್ನು ಕಾಯುವವನು. ಮೂರು, ದೊಡ್ಡವನೊಬ್ಬನ ನೆರಳಿನಲ್ಲಿ ನಿಂತು ಸಣ್ಣವರ ಮೇಲೆ ದರ್ಪ ನಡೆಸುವವನು. ಸಂಪಾದಕಿ ಹೇಳಿದ್ದಳು, ಮಕ್ಕಳಿಗೆ ಮೂರನೆಯದೊಂದೇ ಸಾಕಲ್ಲ, ಪೇಪರಿನಲ್ಲೆಲ್ಲಾ ಬರೋದು ಅದೇ, ಎರಡನೆಯದು ಯಾರಿಗೆ ಬೇಕು? ಯಾರಿಗೆ ಬೇಕು, ನಿಜ, ನಮ್ಮ ಮನೆಯಲ್ಲೂ ಮೂರನೆಯದೇ ಬಳಕೆಯಲ್ಲಿರುವುದು, ತರಾನೆಗೆ ಹದಿಮೂರು ತುಂಬಿದಾಗಿನಿಂದ ಅವಳ ಅಜ್ಜ ನಮ್ಮಿಬ್ಬರ ಬಾಯಲ್ಲಿ ಸಾತ್ರಾಪ್, ಸಾತ್ರಾಪ್ ಫೋನ್ ಮಾಡಿದ್ರಾ, ಸಾತ್ರಾಪ್ ಮುಖ ಹೇಗಿತ್ತು, ಹೊಸವರ್ಷಕ್ಕೆ ಸಾತ್ರಾಪರ ದರ್ಬಾರಿಗೆ ಯಾವ ಬಟ್ಟೆ ಹಾಕ್ಕೊಳ್ಲಿ. ಹೆಸರಿಟ್ಟವಳು ನಾನೇ. ಆದರೆ ಆ ಪದವನ್ನು ನನಗೆ ಕಲಿಸಿದವರು ಅವರೇ — ಮದುವೆಯಾಗಿ ಒಂಬತ್ತು ದಿನ, ನನ್ನ ಮಾವ ಆಗಾಜಾನ್ ಹೊಸ ಸೊಸೆಯನ್ನು ತಖ್ತೆ ಜಮ್‌ಶೀದಿಗೆ, ಪ್ರಾಚೀನ ಅರಸರ ಪಾಳು ಅರಮನೆಗೆ, ಕರೆದುಕೊಂಡು ಹೋದರು, ಮರ್ವ್‌ದಶ್ತ್‌ನ ಇತಿಹಾಸದ ಮೇಷ್ಟ್ರಿಗೆ ಅದು ಮನೆಯ ಹಿತ್ತಿಲಿದ್ದ ಹಾಗೆ, ಹೂಮನ್ ನೆರಳಲ್ಲಿ ಕೂತು ಬೀಜ ಒಡೆಯುತ್ತಿದ್ದ, ನಾವಿಬ್ಬರೇ ಪೂರ್ವದ ಮೆಟ್ಟಿಲುಗಳ ಮುಂದೆ, ಕಲ್ಲಿನಲ್ಲಿ ಇಪ್ಪತ್ತಮೂರು ನಾಡಿನ ಜನ, ಒಂದು ನಾಡಿಗೂ ಇನ್ನೊಂದಕ್ಕೂ ನಡುವೆ ಕಲ್ಲಿನ ಸೈಪ್ರೆಸ್ ಮರ, ಟಗರು ತಂದವರು, ಒಂಟೆ ತಂದವರು, ಬಟ್ಟಲು ತಂದವರು, ಪ್ರತಿ ಗುಂಪಿನ ಮುಂದಾಳಿನ ಕೈಯನ್ನು ಅರಮನೆಯವನೊಬ್ಬ ಹಿಡಿದು ಕರೆದೊಯ್ಯುತ್ತಿದ್ದಾನೆ. ಆಗಾಜಾನ್ ಬೆರಳು ಕಲ್ಲಿಗೆ ತಾಗಿಸಲಿಲ್ಲ, ಒಂದು ಗೇಣು ದೂರದಲ್ಲಿ ನಿಲ್ಲಿಸಿದರು, ನೋಡಮ್ಮಾ ಅಂದರು, ಎಳೀತಾ ಇಲ್ಲ, ದಬ್ತಾ ಇಲ್ಲ, ಕೈ ಹಿಡಿದಿದ್ದಾನೆ ಅಷ್ಟೆ, ಈ ನಾಡುಗಳನ್ನ ನೋಡ್ಕೊಳ್ತಿದ್ದೋರಿಗೆ ಖ್ಷಥ್ರಪಾವನ್ ಅಂತಿದ್ರು, ಖ್ಷಥ್ರ ಅಂದ್ರೆ ರಾಜ್ಯ, ಪಾವನ್ ಅಂದ್ರೆ ಕಾಯೋನು, ಗ್ರೀಕರಿಗೆ ನಾಲಿಗೆ ಹೊರಳಲಿಲ್ಲ, ಸತ್ರಾಪೇಸ್ ಅಂದ್ರು, ಅಲ್ಲಿಂದ ಯುರೋಪಿಗೆ ಹೋಗೋ ಹೊತ್ತಿಗೆ ಕಾಯೋನು ಕಾಡೋನಾಗಿಬಿಟ್ಟಿದ್ದ. ಹಿಂದೂಸ್ತಾನಕ್ಕೂ ಹೋಗಿತ್ತಂತೆ ಪದ, ಅಲ್ಲಿ ಕ್ಷತ್ರಪ ಆಗಿ ನಾಣ್ಯದ ಮೇಲೆ ಮುಖ ಹಾಕಿಸಿಕೊಂಡು ಕೂತಿತ್ತಂತೆ. ಮತ್ತೆ ನಮ್ಮಲ್ಲಿ? ಅಂತ ಕೇಳಿದ್ದೆ, ಹೊಸ ಸೊಸೆ ಏನಾದರೂ ಕೇಳಬೇಕಲ್ಲ. ನಮ್ಮಲ್ಲಿ ಕಾಯೋನು ಬಿದ್ದುಹೋದ, ಖ್ಷಥ್ರ ಸವೆದು ಸವೆದು ಶಹರ ಆಯ್ತು, ಇಡೀ ರಾಜ್ಯ ಇದ್ದದ್ದು ಈಗ ಒಂದು ಊರು, ಸಾತ್ರಾಪ್ ಅಂತ ಇವತ್ತು ಹೇಳ್ತೀವಲ್ಲ ಅದು ಯುರೋಪಿಂದ ವಾಪಸ್ ಬಂದದ್ದು, ತನ್ನ ಮನೆಗೇ ಅತಿಥಿಯಾಗಿ ಬಂದಿದೆ, ಪಾಪ. ಪಾಪ ಎಂದು ಅವರು ಒಂದು ಪದಕ್ಕೆ ಹೇಳಿದ್ದು ಕೇಳಿ ನನಗೆ ನಗು ಬಂದಿತ್ತು, ಆದರೆ ನನ್ನ ಕಣ್ಣು ಆ ಕೈಯ ಮೇಲೇ ಇತ್ತು, ಹಿಡಿದವನದಲ್ಲ, ಹಿಡಿಸಿಕೊಂಡವನದು — ಬಿಡಿಸಿಕೊಳ್ಳಬೇಕು ಎನ್ನಿಸಿದ್ದರೆ ಅವನಿಗೆ ಆಗುತ್ತಿತ್ತೇ?

ನಾನು ಬಿಡಿಸಿಕೊಂಡೆ. ಹೂಮನ್ ತೀರಿದ ನಲವತ್ತನೆಯ ದಿನ, ಹಲ್ವದ ತಟ್ಟೆಗಳು ಇನ್ನೂ ಎತ್ತಿರಲಿಲ್ಲ, ಆಗಾಜಾನ್ ಹೇಳಿದರು, ಮೇಲಿನ ಮಹಡಿ ಖಾಲಿ ಇದೆ, ಮಗಳನ್ನ ಕರ್ಕೊಂಡು ಬಂದುಬಿಡು, ನಾನಿದ್ದೀನಿ. ಬೇಡ ಆಗಾಜಾನ್ ಅಂದೆ. ಮತ್ತೆ ಕೇಳಿದರು, ಬೇಡ ಅಂದೆ. ಮೂರನೆಯ ಸಲ ಕೇಳಿದರು, ಅತ್ತಿಗೆಯಂದಿರು ಚಹಾದ ಲೋಟ ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಿದ್ದರು, ಮೂರನೆಯ ಸಲ ಯಾರಾದರೂ ಸರಿ ಎನ್ನುತ್ತಾರೆ, ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಅದಾದ ಮೇಲೂ ಬೇಡ ಎನ್ನುವುದು ಬಾಗಿಲು ಹಾಕಿದ ಹಾಗೆ — ಬೇಡ ಅಂದೆ. ಅವತ್ತಿನಿಂದ ನಾನು ಅವರಿಗೆ ನೀವು. ಚೆನ್ನಾಗಿದ್ದೀರಾ, ಕೆಲಸ ಚೆನ್ನಾಗಿದೆಯಾ, ಬಹುವಚನದ ಹಿಂದೆ ಮೂರು ವರ್ಷ, ಹೊಸವರ್ಷಕ್ಕೆ ನಾವು ಹೋದರೆ ಮೊಮ್ಮಗಳ ಜೊತೆ ಮಾತು, ನನ್ನ ಮುಂದೆ ಹಣ್ಣಿನ ತಟ್ಟೆ. ಇಂಥವರಿಗೆ ಶನಿವಾರ ಫೋನ್ ಮಾಡಿದ್ದೆ, ಒಂದು ಸಹಿ ಆಗಾಜಾನ್, ಐದೇ ನಿಮಿಷ, ಇಲ್ಲದಿದ್ದರೆ ತರಾನೆಗೆ ಹೋಗೋಕಾಗಲ್ಲ, ಎಂದೆ, ಬರ್ತೀನಿ ಅಂದರು, ತಕ್ಷಣ, ಯೋಚಿಸದೆ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಉಪಚಾರಕ್ಕೆ ಬೇಡ ಎಂದೇ ಆಡಿದ ನಾಲಿಗೆ, ಅಯ್ಯೋ ಬೇಡ ಆಗಾಜಾನ್, ಈ ಬಿಸಿಲಲ್ಲಿ ನೀವ್ಯಾಕೆ ಒಂದು ಗಂಟೆ ದಾರಿ ಬರ್ತೀರಿ, ನಾವು ಹೇಗೋ ಮಾಡ್ಕೊಳ್ತೀವಿ, ಎಂದುಬಿಟ್ಟಿತು, ಹೇಗೋ ಎಂಬುದು ಇಲ್ಲವೇ ಇಲ್ಲ ಎಂದು ಗೊತ್ತಿದ್ದೂ, ಈಗ ಅವರು ಇಲ್ಲ ಇಲ್ಲ ಬಂದೇ ಬರ್ತೀನಿ ಅನ್ನಬೇಕು, ನಾನು ಇನ್ನೊಂದು ಸಲ ಬೇಡ ಅನ್ನಬೇಕು, ಅವರು ಗದರಬೇಕು, ಆಮೇಲೆ ನಾನು ಉಪಕಾರ ನೆನೆದು ನಿಮ್ಮ ಕೈಗೆ ನೋವಾಗದಿರಲಿ ಅನ್ನಬೇಕು, ಎಲ್ಲ ಸಾಲುಗಳೂ ಸಿದ್ಧವಾಗಿ ನಿಂತಿವೆ — ಸರಿ ಹಾಗಾದ್ರೆ, ಅಂದರು. ಫೋನ್ ಇಟ್ಟರು. ನಾಲ್ಕು ದಿನ. ಸೇಡು ಎಂದುಕೊಂಡೆ, ನಾನು ಮೂರು ಸಲ ಮುಚ್ಚಿದ ಬಾಗಿಲನ್ನು ಅವರು ಒಂದೇ ಸಲಕ್ಕೆ ಮುಚ್ಚಿದರು, ಚೀಟಿಯ ಮೂರನೆಯ ಅರ್ಥದ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದೆ. ಇವತ್ತು ಬೆಳಿಗ್ಗೆ ಶೂ ಕಟ್ಟುತ್ತಾ ತರಾನೆ ಹೇಳಿದಳು, ಅಜ್ಜನಿಗೆ ನಾನು ಫೋನ್ ಮಾಡಿದ್ದೆ, ನೋಡೋಣ ಅಂದ್ರು, ನೀನು ಹನ್ನೊಂದಕ್ಕೆ ನೋಟರಿ ಹತ್ರ ಹೋಗಿ ಕೂತಿರು. ಏನು ಹೇಳಿದೆ ಅವರಿಗೆ? ಎಂದರೆ ಚೆಂಡು ಎತ್ತಿಕೊಂಡು ಓಡಿದಳು.

ಹನ್ನೆರಡೂ ಹತ್ತು, ಬಾಗಿಲು ತೆರೆದರೆ ಪ್ರತಿ ಸಲವೂ ಬಿಸಿಗಾಳಿ, ಪ್ರತಿ ಸಲವೂ ಬೇರೆ ಯಾರೋ, ಗುಮಾಸ್ತೆ ಊಟದ ಡಬ್ಬಿ ತೆರೆದು ಮತ್ತೆ ಮುಚ್ಚಿದಳು — ಕೋಟು, ಈ ಸೆಕೆಯಲ್ಲಿ ಕೋಟು, ಬೂದು ಕೋಟು, ಕೈಯಲ್ಲಿ ಸೌತೆಕಾಯಿ ತುಂಬಿದ ಪ್ಲಾಸ್ಟಿಕ್ ಚೀಲ, ಆಗಾಜಾನ್, ಎದ್ದು ನಿಂತಿದ್ದೇನೆ, ಸಲಾಂ ಬಾಯಿಂದ ಬರುವ ಮೊದಲೇ ಚೀಲವನ್ನು ನನ್ನ ಕೈಗೆ ಹಾಕಿ ನೇರ ಮೇಜಿನ ಹತ್ತಿರ ಹೋದರು. ಎಲ್ಲಿ ಒತ್ತಬೇಕು ಹೇಳಮ್ಮಾ. ಮೊದಲು ಓದಿ ಆಗಾ, ಅಂದಳು ಅವಳು. ನಲವತ್ತು ವರ್ಷ ಹುಡುಗರ ಉತ್ತರಪತ್ರಿಕೆ ಓದಿ ಕಣ್ಣು ಕಳ್ಕೊಂಡಿದೀನಿ, ಇದೊಂದನ್ನ ಬಿಟ್ಟುಬಿಡು, ಎಂದವರು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೂ ಓದಿದರು, ಒಂದು ಕಡೆ ಅಲ್ಪವಿರಾಮ ಬಿಟ್ಟಿದೀಯ ಎಂದು ತೋರಿಸಿದರು. ಅವಳು ಕೇಳಿದಳು, ಒಪ್ಪಿಗೆ ಒಂದು ಸಲದ ಪ್ರಯಾಣಕ್ಕೋ, ಅಥವಾ ಎಷ್ಟು ಸಲ ಬೇಕಾದ್ರೂ ಹೋಗೋಕೋ? ನಾನು ಒಂದು ಸಲದ್ದು ಎನ್ನಲು ಬಾಯಿ ತೆರೆದಿದ್ದೆ, ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಕನಸಿನಲ್ಲೂ ಇರಲಿಲ್ಲ. ಎಷ್ಟು ಸಲ ಬೇಕಾದ್ರೂ, ಅಂದರು ಆಗಾಜಾನ್, ಈ ಬಿಸಿಲಲ್ಲಿ ಇನ್ನೊಂದು ಸಲ ಬರೋಕೆ ನನಗೇನು ಹುಚ್ಚಾ. ಸಹಿ, ಶಾಯಿಯ ಪ್ಯಾಡು, ತೋರುಬೆರಳು, ಒತ್ತಿ ಸ್ವಲ್ಪ ಹೊರಳಿಸಿದರು, ಮೊಹರು ಟಕ್ ಎಂದು ಬಿತ್ತು, ಆಯಿತು, ಇಷ್ಟೇ, ಕೂಲರಿನ ಹುಲ್ಲಿನ ವಾಸನೆ ಇದ್ದಕ್ಕಿದ್ದಂತೆ ಎಷ್ಟು ತಂಪು. ಕಾಗದವನ್ನು ಫೋಟೊ ತೆಗೆದು ತಂಡದವರಿಗೆ ಕಳಿಸಿದೆ.

ಹೊರಗೆ ಬಿಸಿಲು ಬಿಳಿ. ಆಗಾಜಾನ್ ಮುಂದೆ ನೋಡುತ್ತಲೇ ಹೇಳಿದರು, ನೀನು ಬೇಡ ಅಂದದ್ದನ್ನ ನಾನು ನಂಬಿದೆ. ನೀನು — ನೀನು ಅಂದರು. ಅದು ಮಾತಿಗೆ ಅಂದದ್ದು ಆಗಾಜಾನ್, ಎಲ್ಲರೂ ಅನ್ನೋ ಹಾಗೆ, ಅಂದೆ. ಅದೇ ನನಗೆ ಹೇಗೆ ಗೊತ್ತಾಗಬೇಕು, ಅವತ್ತು ನಲವತ್ತರ ದಿನ ಮೂರು ಸಲ ಕೇಳಿದೆ, ಮೂರು ಸಲವೂ ನೀನು ಬೇಡ ಅಂದೆ, ನಿಜವಾಗ್ಲೂ ಬರಲಿಲ್ಲ, ಇಡೀ ಫಾರ್ಸ್ ಪ್ರಾಂತ್ಯದಲ್ಲಿ ಬೇಡ ಅಂದ್ರೆ ಬೇಡ ಅನ್ನೋ ಹೆಂಗಸು ಒಬ್ಬಳೇ, ಅವಳು ನನ್ನ ಸೊಸೆ ಅಂದ್ಕೊಂಡೆ, ಅವಳ ಮಾತಿಗೆ ಮರ್ಯಾದೆ ಕೊಡಬೇಕು ಅಂದ್ಕೊಂಡೆ, ನಾಲ್ಕು ದಿನ ಮನೇಲಿ ಕೂತು ಪಾಸ್‌ಪೋರ್ಟನ್ನ ಇವಳು ಹೇಗೆ ಮಾಡ್ಕೊಳ್ತಾಳೆ ಅಂತ ತಲೆ ಕೆಡಿಸ್ಕೊಂಡೆ. ಮೂರು ವರ್ಷದ ಬಹುವಚನ ಸಿಟ್ಟಾಗಿರಲಿಲ್ಲವೇ, ಗೌರವವಾಗಿತ್ತೇ, ಇರಲಿ, ಸ್ವಲ್ಪ ಸಿಟ್ಟೂ ಇದ್ದಿರಬೇಕು, ನಾನು ಇವರನ್ನು ಪೂರ್ತಿ ಸಂತ ಮಾಡುವುದಿಲ್ಲ. ಮತ್ತೆ ತರಾನೆ ಏನಂದಳು? ಎಂದೆ. ಅಮ್ಮ ಸುಳ್ಳು ಹೇಳಿದ್ದು ಅಜ್ಜ, ಬನ್ನಿ, ಬಂದ್ರೆ ನಿಮಗೆ ಸಾತ್ರಾಪ್ ಅನ್ನೋದನ್ನ ಅಮ್ಮನಿಂದ ಬಿಡಿಸ್ತೀನಿ ಅಂದಳು, ಎಂದರು. ಬಿಸಿಲೆಲ್ಲ ನನ್ನ ಕಿವಿಗೇ ಏರಿತು. ಬಿಡೋದೇನು ಬೇಡ, ಅಂದರು ಅವರು, ಒಳ್ಳೇ ಪದ, ಹಾಳು ಮಾಡಿದೋರು ಗ್ರೀಕರು. ಎದುರಿನ ಅಂಗಡಿಯ ಫಲೂದಾ ತಿನ್ನೋಣ, ನಿಂಬೆರಸ ಜಾಸ್ತಿ ಹಾಕಿಸಿ, ಅಂದರು, ನಾನು ಬಾಯಿ ತೆರೆದೆ, ಬೇಡ ಆಗಾಜಾನ್ ನಿಮಗ್ಯಾಕೆ ತೊಂದರೆ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು, ನುಂಗಿದೆ, ಹೂಂ, ತಿನ್ನೋಣ ಅಂದೆ, ಒಂದೇ ಸಲಕ್ಕೆ, ಎಷ್ಟು ಹಗುರ ಆ ಎರಡು ಮಾತು, ನನ್ನ ಚೀಲಕ್ಕೆ ಹಾಕಿಕೊಂಡ ಸೌತೆಕಾಯಿಯ ಕೆಳಗೆ ಆ ಚೀಟಿ, ಪೆನ್ಸಿಲಿನ ಗೆರೆ ಅಳಿಸಬೇಕು, ಎರಡನೆಯದನ್ನು ಮೊದಲಿಗೆ ತರಬೇಕು, ಮೂರನೆಯದೂ ಇರಲಿ, ಅದೂ ನಡೆದದ್ದೇ. ಜಂದ್ ರಸ್ತೆಯಲ್ಲಿ ಯಾವ ಕಾರೂ ನಿಲ್ಲುವುದಿಲ್ಲ, ಆಗಾಜಾನ್ ಫುಟ್‌ಪಾತಿನ ಅಂಚಿನಲ್ಲಿ ನಿಂತಿದ್ದಾರೆ, ಬಲಗಣ್ಣಿನ ಪೊರೆ ಬಲಿತಿದೆಯೆಂದು ಹೊಸವರ್ಷಕ್ಕೇ ಯಾರೋ ಅಂದಿದ್ದರು, ಬರುವ ಕಾರುಗಳು ಅವರಿಗೆ ಕಾಣುತ್ತಿವೆಯೋ ಇಲ್ಲವೋ, ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದ್ದಾರೆ, ಕರೆದೊಯ್ಯಲೋ, ಕರೆದೊಯ್ಯೆಂದೋ, ನಾನು ಕೈ ಕೊಟ್ಟಿದ್ದೇನೆ, ಕಾರುಗಳು, ಬಿಸಿಲು, ಕಲ್ಲಿನ ಸೈಪ್ರೆಸ್, ಎಳೆಯುತ್ತಿಲ್ಲ, ದಬ್ಬುತ್ತಿಲ್ಲ, ಯಾರು ಮುಂದೆ ಯಾರು ಹಿಂದೆ, ಕೈಯೊಳಗೆ ಕೈ, ನನ್ನ ಮಣಿಕಟ್ಟಿನ ಮೇಲೆ ಅವರ ತೋರುಬೆರಳು, ಇನ್ನೂ ಒಣಗಿಲ್ಲ, ನೀಲಿ —